ಸಕ್ಕರೆಯ ರಾಳವೂ ನಮ್ಮ ಕಣದ ಕಾಳೂ

ಕಳೆದ ಸುಗ್ಗಿಯ ಕಾಲದಲ್ಲಿ ನನ್ನ ವಲಯಕ್ಕೆ ಸೇರಿದ ಒಂದು ಗ್ರಾಮದಲ್ಲಿ ರೈತರ ಸಭೆ ನಡೆದಾಗ, ಹುರುಳಿ, ಅವರೆ ಮುಂತಾದ ಕಾಳುಗಳ ಹಳೆಯ ತಳಿಗಳನ್ನು ಬೆರಕೆಯಾಗದಂತೆ ಪ್ರತ್ಯೇಕವಾಗಿ ತೆಗೆದಿಡಬೇಕೆಂದು ನಾನು ಬಿನ್ನವಿಸಿದೆನು. ಇದಕ್ಕೆ ಕಾರಣವೇನೆಂದು ಕೇಳಿದವರಿಗೆ, ಪ್ರಯೋಗಶಾಲೆಗಳಲ್ಲಿ ಈ ಕಾಳುಗಳ ರಸವನ್ನು ಸಕ್ಕರೆ ಕಟ್ಟಿದ ರಾಳದ ಮೇಲೆ ಹರಿಯಿಸಿ ಅದರೊಳಗಿನ ಒಂದು ವಿಶೇಷ ಪದಾರ್ಥವನ್ನು ಶುದ್ಧರೂಪದಲ್ಲಿ ಬೇರ್ಪಡಿಸುವರೆಂದೂ, ಆ ಕೆಲಸಕ್ಕೆ ಬೆರಕೆಯಿಲ್ಲದ ಬೀಜವೇ ಬೇಕೆಂದೂ ಹೇಳಿದೆನು. ಆಗ ಊರಿನ ಯಜಮಾನರೊಬ್ಬರು, "ಸ್ವಾಮಿ, ಹುರುಳಿಗೆ ಉಪ್ಪು ಹುಳಿ ಖಾರ ಹಾಕುವುದನ್ನು ಬಲ್ಲೆವು, ಸಕ್ಕರೆ ಹಾಕುವುದನ್ನು ಈವರೆಗೆ ಕೇಳಲಿಲ್ಲ. ಇದರಿಂದ ನಮ್ಮ ಪಲ್ಲ ಹುರುಳಿಗೆ ನಾಲ್ಕು ಕಾಸು ಹೆಚ್ಚಾಗಿ ಸಿಕ್ಕುವುದೋ?" ಎಂದು ಕೇಳಿದರು. ಸಭೆಯಲ್ಲಿದ್ದವರೆಲ್ಲರೂ ನಕ್ಕರು, ನಾನೂ ನಕ್ಕೆನು. ಆದರೆ ಮನೆಗೆ ಬಂದು ಯೋಚಿಸಿದಾಗ, ಆ ಪ್ರಶ್ನೆಯು ನಕ್ಕು ಬಿಡತಕ್ಕದ್ದಲ್ಲವೆಂದು ತೋರಿತು. ಆದಕಾರಣ ಅದಕ್ಕೆ ಸಾವಕಾಶವಾಗಿ ಉತ್ತರ ಕೊಡಬೇಕೆಂಬ ಉದ್ದೇಶದಿಂದ ಈ ಲೇಖನವನ್ನು ಬರೆದಿರುತ್ತೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಮೇಲು. ಸಕ್ಕರೆಯ ರಾಳದಿಂದ ರೈತನ ಪಲ್ಲಕ್ಕೆ ನಾಲ್ಕು ಕಾಸು ಹೆಚ್ಚಾಗಿ ಬರಲಾರದು. ಬರುವುದೆಂದು ಯಾರಾದರೂ ಹೇಳಿದರೆ ಅವರ ಮಾತನ್ನು ನಂಬತಕ್ಕದ್ದಲ್ಲ. ಆದರೂ ಈ ವಿದ್ಯೆಯಿಂದ ತಿಳಿದುಬಂದಿರುವ ಸಂಗತಿಗಳು ನಮ್ಮ ಅಡಿಗೆಮನೆ, ಕೊಟ್ಟಿಗೆ, ಗದ್ದೆ, ಆಸ್ಪತ್ರೆ ಈ ನಾಲ್ಕಕ್ಕೂ ಸಂಬಂಧಪಟ್ಟಿವೆ. ಈ ವಿದ್ಯೆಗೆ ಮೂಲಧನವು ರೈತನ ಕಣದಲ್ಲಿರುವ ಕಾಳೇ ಹೊರತು ಬೇರೆಯಲ್ಲ. ಆ ಮೂಲಧನವನ್ನು ಉಳಿಸುವುದೂ ಕಳೆಯುವುದೂ ಊರಿನ ಮುಖಂಡರ ಕೈಯಲ್ಲಿದೆ.

ಕಾಳಿನೊಳಗಿನ ಈ ಪದಾರ್ಥವು ಯಾವುದು?

ಪ್ರತಿಯೊಂದು ಕಾಳಿನಲ್ಲಿಯೂ ಪಿಷ್ಟ, ಎಣ್ಣೆ, ಸಸಾರಜನಕ ಎಂಬ ಪದಾರ್ಥಗಳು ಹೆಚ್ಚು ಕಡಿಮೆಯಾಗಿ ಸೇರಿರುತ್ತವೆ. ಪ್ರೋಟೀನ್ ಎಂದು ಈಗ ವಾಡಿಕೆಯಲ್ಲಿ ಕರೆಯಲ್ಪಡುವ ಸಸಾರಜನಕವು ಒಂದೇ ವಸ್ತುವಲ್ಲ. ಒಂದೊಂದು ಕಾಳಿನಲ್ಲಿಯೂ ಅದರಲ್ಲಿ ನೂರಾರು ಬಗೆಗಳುಂಟು. ಆ ಬಗೆಗಳಲ್ಲಿ ಕೆಲವಕ್ಕೆ ಸಕ್ಕರೆಯನ್ನು ಕಂಡೊಡನೆ ಹಿಡಿದುಕೊಳ್ಳುವ ಗುಣವಿದೆ. ಇಲ್ಲಿ ಸಕ್ಕರೆಯೆಂದರೆ ಕಬ್ಬಿನ ಸಕ್ಕರೆಯೊಂದೇ ಅಲ್ಲ. ದ್ರಾಕ್ಷಿಯಲ್ಲಿರುವ ಗ್ಲೂಕೋಸು, ಹಾಲಿನ ಸಕ್ಕರೆಯಲ್ಲಿ ಸೇರಿಕೊಂಡಿರುವ ಗ್ಯಾಲಕ್ಟೋಸು, ಇವುಗಳಿಗೆ ಹತ್ತಿರದ ಬಂಧುವಾದ ಮ್ಯಾನೋಸು ಇವೆಲ್ಲವೂ ಸಕ್ಕರೆಗಳೇ. ಮನುಷ್ಯರ ಮತ್ತು ಪ್ರಾಣಿಗಳ ರಕ್ತಕಣಗಳ ಮೈಮೇಲೂ ಕರುಳಿನ ಒಳಪೊರೆಯ ಮೇಲೂ ಇಂತಹ ಸಕ್ಕರೆಗಳು ಸಣ್ಣ ಸಣ್ಣ ಸರಪಣಿಗಳಾಗಿ ನಿಂತಿರುತ್ತವೆ. ಕಾಳಿನ ಆ ಸಸಾರಜನಕಕ್ಕೆ ಎರಡು ಅಥವಾ ಹೆಚ್ಚು ಕೈಗಳಿರುವುದರಿಂದ, ಒಂದು ಕೈಯಿಂದ ಒಂದು ರಕ್ತಕಣವನ್ನೂ ಇನ್ನೊಂದು ಕೈಯಿಂದ ಮತ್ತೊಂದು ರಕ್ತಕಣವನ್ನೂ ಹಿಡಿದು, ಬಿಡಿಬಿಡಿಯಾಗಿದ್ದ ಕಣಗಳನ್ನು ಗಂಟುಗಂಟಾಗಿ ಮಾಡಿಬಿಡುತ್ತದೆ. ಇಂತಹ ಸಸಾರಜನಕಕ್ಕೆ ಲೆಕ್ಟಿನ್ ಎಂದು ಹೆಸರು.

ಇದು ಮೊಟ್ಟಮೊದಲು ಪತ್ತೆಯಾದುದು ನಮಗೆಲ್ಲ ಪರಿಚಿತವಾದ ಹರಳಿನ ಬೀಜದಲ್ಲಿ. ೧೮೮೮ನೆಯ ಇಸವಿಯಲ್ಲಿ, ಈಗ ಎಸ್ಟೋನಿಯಾ ದೇಶಕ್ಕೆ ಸೇರಿರುವ ತಾರ್ತು ನಗರದ ವಿಶ್ವವಿದ್ಯಾನಿಲಯದಲ್ಲಿ ಸ್ಟಿಲ್‌ಮಾರ್ಕ್ ಎಂಬ ವಿದ್ಯಾರ್ಥಿಯು ಹರಳಿನ ಬೀಜದ ವಿಷವನ್ನು ಪರೀಕ್ಷಿಸುತ್ತಿದ್ದಾಗ, ಆ ಬೀಜದ ರಸವು ರಕ್ತಕಣಗಳನ್ನು ಗಂಟುಕಟ್ಟಿಸುವುದನ್ನು ಕಂಡನು. ಚಿನ್ನ ತೂಗಲು ನಮ್ಮ ಅಕ್ಕಸಾಲಿಗರು ಬಳಸುತ್ತಿದ್ದ ಗುಲಗಂಜಿಯಲ್ಲಿಯೂ ಇಂತಹುದೇ ವಿಷವಿರುವುದು ಅನಂತರ ತಿಳಿದುಬಂದಿತು. ೧೯೧೯ರಲ್ಲಿ ಅಮೆರಿಕದ ಸಮ್ನರ್ ಎಂಬ ರಸಾಯನಶಾಸ್ತ್ರಜ್ಞರು ಜ್ಯಾಕ್ ಬೀನ್ ಎಂಬ ಕತ್ತಿಯಾಕಾರದ ಅವರೆಯ ಬೀಜದಿಂದ ಒಂದು ಲೆಕ್ಟಿನ್ನನ್ನು ಹರಳುಗಟ್ಟಿಸಿ ತೆಗೆದರು. ೧೯೩೬ರಲ್ಲಿ ಅವರೂ ಹೌವೆಲ್ ಎಂಬುವರೂ, ಕಬ್ಬಿನ ಸಕ್ಕರೆಯನ್ನು ಸೇರಿಸಿದರೆ ಅದು ರಕ್ತಕಣಗಳನ್ನು ಗಂಟುಕಟ್ಟಿಸುವ ಕೆಲಸವು ನಿಂತುಹೋಗುವುದೆಂದು ತೋರಿಸಿದರು. ಕೈಯಲ್ಲಿ ಸಕ್ಕರೆ ಸಿಕ್ಕಿದ ಮೇಲೆ ಲೆಕ್ಟಿನ್ನಿಗೆ ರಕ್ತಕಣವನ್ನು ಹಿಡಿಯಲು ಕೈ ಎಲ್ಲಿ? ಮುಂದೆ ಹೇಳತಕ್ಕ ರಾಳದ ಉಪಾಯಕ್ಕೆಲ್ಲ ಈ ಒಂದು ಮಾತೇ ತಳಹದಿಯಾಗಿದೆ.

ಇನ್ನು ನಮ್ಮ ಹುರುಳಿಯ ಸರದಿ. ೧೯೫೧ರಲ್ಲಿ ಜಿ. ಡಬ್ಲ್ಯು. ಜಿ. ಬರ್ಡ್ ಎಂಬ ವೈದ್ಯ ವಿದ್ವಾಂಸರು, ಹುರುಳಿಯ ರಸವು ಮನುಷ್ಯರ ಎ ವರ್ಗದ ರಕ್ತಕಣಗಳನ್ನು ಆರಿಸಿ ಗಂಟುಕಟ್ಟಿಸುವುದೆಂದು, ಬೆಂಗಳೂರಿನಿಂದ ಪ್ರಕಟವಾಗುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ತಿಳಿಸಿದರು. ಎ ವರ್ಗದಲ್ಲಿಯೇ ಎ-೧, ಎ-೨ ಎಂಬ ಒಳಭೇದಗಳಿವೆ. ತಕ್ಕ ಪ್ರಮಾಣದಲ್ಲಿ ನೀರು ಬೆರೆಸಿದ ಹುರುಳಿಯ ರಸವು ಎ-೧ ಕಣಗಳನ್ನು ಗಂಟುಕಟ್ಟಿಸಿ ಎ-೨ ಕಣಗಳನ್ನು ಹಾಗೆಯೇ ಬಿಡುತ್ತದೆ. ಈ ಭೇದವನ್ನು ಗೊತ್ತುಮಾಡಲು ರಕ್ತನಿಧಿಗಳಲ್ಲಿ ಇಂದಿಗೂ ಹುರುಳಿಯ ಲೆಕ್ಟಿನ್ನನ್ನೇ ಬಳಸುತ್ತಾರೆ. ಬಡವರ ಕಾಳೆಂದು ನಾವು ಉಪೇಕ್ಷೆಯಿಂದ ಕಾಣುವ ಹುರುಳಿಯು ಜಗತ್ತಿನ ಆಸ್ಪತ್ರೆಗಳಲ್ಲಿ ಈ ರೀತಿ ಮಾನ್ಯವಾಗಿರುವುದು ಎಷ್ಟು ಮಂದಿ ಬೆಳೆಗಾರರಿಗೆ ಗೊತ್ತು? ೧೯೫೪ರಲ್ಲಿ ಬಾಯ್ಡ್ ಮತ್ತು ಶೇಪ್ಲೆ ಎಂಬುವರು ಇವಕ್ಕೆ ಲೆಕ್ಟಿನ್ ಎಂಬ ಹೆಸರನ್ನಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಆರಿಸಿಕೊಳ್ಳು ಎಂಬರ್ಥವುಳ್ಳ ಶಬ್ದದಿಂದ ಆ ಹೆಸರು ಬಂದಿದೆ.

ಸಕ್ಕರೆಯ ರಾಳದ ಕ್ರಮ

ರಾಗಿಯಿಂದ ಹೊಟ್ಟನ್ನು ಬೇರ್ಪಡಿಸಲು ನಾವು ಗಾಳಿಗೆ ತೂರುತ್ತೇವೆ. ದಪ್ಪ ಕಾಳನ್ನೂ ಸಣ್ಣ ಕಾಳನ್ನೂ ಬೇರ್ಪಡಿಸಲು ಜರಡಿ ಹಿಡಿಯುತ್ತೇವೆ. ಆದರೆ ನೂರಾರು ಬಗೆಯ ಸಸಾರಜನಕಗಳು ಒಂದೇ ರಸದಲ್ಲಿ ಕರಗಿರುವಾಗ ಅವುಗಳಲ್ಲಿ ಒಂದನ್ನು ಮಾತ್ರ ತೆಗೆಯುವುದು ಹೇಗೆ? ಹಿಂದಿನವರು ರಸಕ್ಕೆ ಲವಣಗಳನ್ನು ಹೆಚ್ಚುಹೆಚ್ಚಾಗಿ ಹಾಕಿ, ಯಾವುದು ಮೊದಲು ಒಡೆದು ತಳಕ್ಕೆ ಇಳಿಯುವುದೋ ಅದನ್ನು ಸೋಸಿ, ಮತ್ತೆ ಕರಗಿಸಿ, ಹೀಗೆ ಅನೇಕ ಸಲ ಮಾಡುತ್ತಿದ್ದರು. ಕಾಲವೂ ಕಳೆಯುತ್ತಿತ್ತು, ಪದಾರ್ಥವೂ ನಷ್ಟವಾಗುತ್ತಿತ್ತು. ೧೯೬೫ರಲ್ಲಿ ಅಗರವಾಲ್ ಮತ್ತು ಗೋಲ್ಡ್‌ಸ್ಟೈನ್ ಎಂಬ ವಿದ್ವಾಂಸರು ಜ್ಯಾಕ್ ಬೀನಿನ ಲೆಕ್ಟಿನ್ನನ್ನು ಗ್ಲೂಕೋಸಿನ ಸರಪಣಿಗಳಿಂದಲೇ ಆದ ಒಂದು ಅಂಟಿನ ಮಣಿಗಳ ಮೇಲೆ ಹರಿಯಿಸಿದಾಗ, ಲೆಕ್ಟಿನ್ನು ಮಾತ್ರ ಮಣಿಗಳಿಗೆ ಹಿಡಿದುಕೊಂಡು ಉಳಿದದ್ದೆಲ್ಲವೂ ಹರಿದುಹೋಯಿತು. ಅನಂತರ ಗ್ಲೂಕೋಸು ಕರಗಿಸಿದ ನೀರನ್ನು ಹೊಯ್ದೊಡನೆ ಲೆಕ್ಟಿನ್ನು ಬಿಟ್ಟುಕೊಂಡು ಹೊರಗೆ ಬಂದಿತು. ಅಂದಿನಿಂದ ಈ ಕ್ರಮವು ಎಲ್ಲ ದೇಶಗಳಲ್ಲಿಯೂ ರೂಢಿಗೆ ಬಂದಿದೆ.

ಇದನ್ನು ಕೊಟ್ಟಿಗೆಯ ದೃಷ್ಟಾಂತದಿಂದ ಸುಲಭವಾಗಿ ತಿಳಿಯಬಹುದು. ಕೊಟ್ಟಿಗೆಯ ಕಂಬಗಳಿಗೆ ಹಸಿಹುಲ್ಲಿನ ಕಂತೆಗಳನ್ನು ಬಿಗಿಯಾಗಿ ಕಟ್ಟಿ, ದನ, ನಾಯಿ, ಕೋಳಿಗಳೆಲ್ಲವನ್ನೂ ಒಂದು ಬಾಗಿಲಿನಿಂದ ಒಳಕ್ಕೆ ಬಿಟ್ಟರೆ, ನಾಯಿ ಕೋಳಿಗಳು ಇನ್ನೊಂದು ಬಾಗಿಲಿನಿಂದ ಹೊರಟುಹೋಗುವುವು; ದನಗಳು ಮಾತ್ರ ಹುಲ್ಲಿಗೆ ಬಾಯಿಹಾಕಿ ನಿಲ್ಲುವುವು. ಅನಂತರ ಒಬ್ಬನು ಬಿಡಿಹುಲ್ಲಿನ ದೊಡ್ಡ ಹೊರೆಯನ್ನು ತಂದು ಮುಂದೆ ನಡೆದರೆ, ದನಗಳು ಕಟ್ಟಿದ ಹುಲ್ಲನ್ನು ಬಿಟ್ಟು ಅವನ ಹಿಂದೆ ಹೊರಕ್ಕೆ ಬರುವುವು. ಕಟ್ಟಿದ ಹುಲ್ಲು ರಾಳದ ಮಣಿಗೆ ಬಂಧಿಸಿದ ಸಕ್ಕರೆ; ಬಿಡಿಹುಲ್ಲು ಕೊನೆಯಲ್ಲಿ ಹೊಯ್ಯುವ ಸಕ್ಕರೆನೀರು; ದನವೇ ಲೆಕ್ಟಿನ್.

ಪ್ರಯೋಗಶಾಲೆಯಲ್ಲಿ ಕೆಲಸವು ನಡೆಯುವ ರೀತಿಯು ಹೀಗಿದೆ. ಹಲಸಿನ ಬೀಜವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬೀಜದ ಹೊರಸಿಪ್ಪೆಯನ್ನು ತೆಗೆದು, ಒಣಗಿಸಿ, ನುಣ್ಣಗೆ ಪುಡಿಮಾಡಿ, ಅದನ್ನು ಅಳತೆಯಾದ ಉಪ್ಪುನೀರಿನಲ್ಲಿ ತಣ್ಣಗೆ ಹಲವು ಗಂಟೆಗಳ ಕಾಲ ನೆನೆಯಿಟ್ಟು ಕಲಕುತ್ತಾರೆ. ನೆಲಗಡಲೆಯಂತಹ ಎಣ್ಣೆಕಾಳಾದರೆ ಮೊದಲು ಎಣ್ಣೆಯನ್ನು ತೆಗೆದುಬಿಡುತ್ತಾರೆ. ರಸವನ್ನು ಸೋಸಿ ತಿಳಿಮಾಡಿ, ರಾಳದ ಮಣಿಗಳನ್ನು ತುಂಬಿದ ಗಾಜಿನ ನಳಿಗೆಯ ಮೇಲೆ ತೊಟ್ಟುತೊಟ್ಟಾಗಿ ಬಿಡುತ್ತಾರೆ. ಹಿಡಿಯದ ಪದಾರ್ಥಗಳು ಪೂರ್ತಿಯಾಗಿ ಹೋಗುವವರೆಗೆ ಉಪ್ಪುನೀರಿನಿಂದ ತೊಳೆಯುತ್ತಾರೆ. ಕೊನೆಗೆ ಗ್ಯಾಲಕ್ಟೋಸು ಕರಗಿಸಿದ ನೀರನ್ನು ಹೊಯ್ದು, ಬಿಟ್ಟುಕೊಂಡು ಬಂದ ಲೆಕ್ಟಿನ್ನನ್ನು ಪಾತ್ರೆಯಲ್ಲಿ ಹಿಡಿದು, ತೆಳುವಾದ ಪೊರೆಯ ಚೀಲದಲ್ಲಿಟ್ಟು ನೀರಿನಲ್ಲಿ ಮುಳುಗಿಸಿ ಅದರೊಳಗಿನ ಸಕ್ಕರೆಯನ್ನು ಕಳೆಯುತ್ತಾರೆ. ಆಮೇಲೆ ಅದನ್ನು ೨, ೪, ೮, ೧೬ ಪಾಲುಗಳಾಗಿ ಕ್ರಮವಾಗಿ ತೆಳ್ಳಗೆ ಮಾಡಿ, ಎಷ್ಟನೆಯ ಪಾಲಿನವರೆಗೆ ರಕ್ತಕಣಗಳು ಗಂಟುಕಟ್ಟುವುವೆಂದು ನೋಡಿ ಅದರ ಬಲವನ್ನು ಗೊತ್ತುಮಾಡುತ್ತಾರೆ. ಕಾಯಿಸುವುದಾಗಲಿ ತೀಕ್ಷ್ಣವಾದ ಆಮ್ಲವನ್ನು ಹಾಕುವುದಾಗಲಿ ಇಲ್ಲದ ಕಾರಣ ಪದಾರ್ಥವು ಕೆಡುವುದಿಲ್ಲ. ನಳಿಗೆಯನ್ನು ಚೆನ್ನಾಗಿ ತೊಳೆದಿಟ್ಟರೆ ಮತ್ತೆ ಮತ್ತೆ ಉಪಯೋಗಕ್ಕೆ ಬರುತ್ತದೆ.

ಇಲ್ಲಿ ರಾಳವೆಂದರೆ ಧೂಪಕ್ಕೆ ಹಾಕುವ ಮರದ ರಾಳವಲ್ಲ. ನೀರಿನಲ್ಲಿ ಉಬ್ಬಿ ಕರಗದೆ ನಿಲ್ಲುವ ಸಣ್ಣ ಮಣಿಗಳು. ಸಾಮಾನ್ಯವಾಗಿ ಕಡಲಪಾಚಿಯಿಂದ ತೆಗೆದ ಅಂಟಿನಿಂದ ಇವನ್ನು ಮಾಡಿ, ಅವುಗಳ ಮೈಗೆ ಬೇಕಾದ ಸಕ್ಕರೆಯನ್ನು ಬಂಧಿಸುತ್ತಾರೆ. ಇದಕ್ಕಿಂತ ಅಗ್ಗವಾದ ಇನ್ನೊಂದು ಬಗೆಯೂ ಉಂಟು. ನಮ್ಮ ಓದುಗರಿಗೆ ಅದು ಹೆಚ್ಚು ಸ್ವಾರಸ್ಯವಾಗಿ ತೋರಬಹುದು. ನಾವು ಗೋರಿಕಾಯಿ ಎಂದೂ ಉತ್ತರದ ಜಿಲ್ಲೆಗಳವರು ಚವಳಿಕಾಯಿ ಎಂದೂ ಕರೆಯುವ ತರಕಾರಿಯ ಬಲಿತ ಬೀಜದಲ್ಲಿ ಒಂದು ಅಂಟಿದೆ. ರಾಜಸ್ಥಾನದಲ್ಲಿ ಈ ಅಂಟಿಗಾಗಿಯೇ ಗೋರಿಯನ್ನು ವಿಶೇಷವಾಗಿ ಬೆಳೆಯುತ್ತಾರೆ. ಈ ಅಂಟು ಮ್ಯಾನೋಸಿನ ಉದ್ದವಾದ ಎಳೆಯಾಗಿದ್ದು, ಅದರ ಪಕ್ಕಗಳಲ್ಲಿ ಗ್ಯಾಲಕ್ಟೋಸು ರೆಂಬೆಗಳಂತೆ ಚಾಚಿಕೊಂಡಿರುತ್ತದೆ. ಎಳೆಗಳನ್ನು ಒಂದಕ್ಕೊಂದು ಹೆಣೆದು ಕರಗದಂತೆ ಮಾಡಿದರೆ, ಗ್ಯಾಲಕ್ಟೋಸನ್ನು ಅರಸುವ ಹಲಸಿನ ಲೆಕ್ಟಿನ್ನಿನಂತಹವನ್ನು ಹಿಡಿಯಲು ಅದು ಸ್ವಭಾವದಿಂದಲೇ ಸಿದ್ಧವಾದ ರಾಳವಾಗುತ್ತದೆ. ಒಂದು ಹೊಲದ ಗೋರಿಯು ಇನ್ನೊಂದು ತೋಟದ ಹಲಸನ್ನು ಹಿಡಿದುಕೊಡುವುದೆಂದರೆ ಇದೇ.

ಎಲ್ಲ ಕಾಳುಗಳಿಗೂ ಒಂದೇ ಸಕ್ಕರೆಯು ಸಾಲದು. ಹಲಸು, ನೆಲಗಡಲೆಗಳ ಲೆಕ್ಟಿನ್ನುಗಳು ಗ್ಯಾಲಕ್ಟೋಸನ್ನೂ, ಬೆಳ್ಳುಳ್ಳಿಯದು ಮ್ಯಾನೋಸನ್ನೂ, ಹುರುಳಿಯದು ಗ್ಯಾಲಕ್ಟೋಸಿನಿಂದ ಹುಟ್ಟಿದ ಇನ್ನೊಂದು ಸಕ್ಕರೆಯನ್ನೂ ಅರಸುತ್ತವೆ. ಗೋದಿಯ ಮೊಳಕೆಯ ಲೆಕ್ಟಿನ್ನನ್ನು ಸಿಗಡಿಯ ಚಿಪ್ಪಿನಲ್ಲಿರುವ ಕೈಟಿನ್ ಎಂಬ ಪದಾರ್ಥದ ಮೇಲೆ ಹಿಡಿಯಬಹುದು. ೧೯೭೦ರಲ್ಲಿ ಎಟ್ಜ್ಲರ್ ಮತ್ತು ಕ್ಯಾಬಟ್ ಎಂಬುವರು ಹುರುಳಿಯ ಲೆಕ್ಟಿನ್ನನ್ನು ಶುದ್ಧಿಮಾಡಿದಾಗ, ಹಂದಿಯ ಜಠರದಿಂದ ತೆಗೆದ ಎ ರಕ್ತವರ್ಗದ ಸಕ್ಕರೆಯುಳ್ಳ ಪದಾರ್ಥವನ್ನೇ ಕರಗದಂತೆ ಮಾಡಿ ಬಳಸಿದರು. ತಪ್ಪಾದ ಸಕ್ಕರೆಯನ್ನು ಕಟ್ಟಿದರೆ ಲೆಕ್ಟಿನ್ನು ಹಿಡಿಯದೆ ಹರಿದುಹೋಗುವುದು. ಆದಕಾರಣ ಯಾವ ಕಾಳು ಯಾವ ಸಕ್ಕರೆಯನ್ನು ಬಯಸುವುದೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕಾಗುತ್ತದೆ.

ಇದರ ಪ್ರಯೋಜನ

ಶುದ್ಧವಾದ ಪದಾರ್ಥವು ಕೈಗೆ ಬಂದ ಮೇಲಲ್ಲವೆ ಅದರ ಗುಣದೋಷಗಳನ್ನು ನಿರ್ಣಯಿಸುವುದು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್, ಅವಧೇಶ ಸುರೋಲಿಯಾ ಮೊದಲಾದ ವಿದ್ವಾಂಸರು ನೆಲಗಡಲೆಯ ಲೆಕ್ಟಿನ್ನಿನ ಒಳರಚನೆಯನ್ನು ೧೯೯೪ರಲ್ಲಿಯೂ ಹಲಸಿನ ಲೆಕ್ಟಿನ್ನಿನ ಒಳರಚನೆಯನ್ನು ೧೯೯೬ರಲ್ಲಿಯೂ ಪ್ರಕಟಿಸಿದರು. ಹಲಸಿನ ಲೆಕ್ಟಿನ್ನಿಗೆ ಇನ್ನೂ ಒಂದು ಚಮತ್ಕಾರದ ಗುಣವುಂಟು. ನಮ್ಮ ಜೊಲ್ಲು, ಎದೆಹಾಲು ಮುಂತಾದುವುಗಳಲ್ಲಿ ರೋಗವನ್ನು ತಡೆಯುವ ಒಂದು ಬಗೆಯ ರಕ್ಷಕ ಪದಾರ್ಥವಿದೆ. ಅದನ್ನು ಹಲಸಿನ ಲೆಕ್ಟಿನ್ನು ಆರಿಸಿ ಹಿಡಿಯುತ್ತದೆ. ಆದುದರಿಂದ ಸಕ್ಕರೆಯ ರಾಳದಿಂದ ಹೊರಬಂದ ಲೆಕ್ಟಿನ್ನನ್ನೇ ಇನ್ನೊಂದು ರಾಳಕ್ಕೆ ಕಟ್ಟಿ, ಆ ರಕ್ಷಕ ಪದಾರ್ಥವನ್ನು ಶುದ್ಧಿಮಾಡಲು ಉಪಯೋಗಿಸುತ್ತಾರೆ. ಹಿಡಿಯಲ್ಪಟ್ಟದ್ದೇ ಹಿಡಿಯುವ ಸಾಧನವಾಗುತ್ತದೆ.

ಗದ್ದೆಯ ವಿಷಯಕ್ಕೆ ಬಂದರೆ, ಸಸ್ಯಗಳು ಲೆಕ್ಟಿನ್ನನ್ನು ಕೂಡಿಟ್ಟುಕೊಳ್ಳುವ ಕಾರಣಗಳಲ್ಲಿ ಕೀಟಗಳಿಂದ ಆತ್ಮರಕ್ಷಣೆಯೂ ಒಂದೆಂದು ವಿದ್ವಾಂಸರು ಎಣಿಸುತ್ತಾರೆ. ಕೊಲ್ಕತ್ತದ ಬೋಸ್ ಇನ್‌ಸ್ಟಿಟ್ಯೂಟಿನವರು ಬೆಳ್ಳುಳ್ಳಿಯ ಎಲೆಯ ಲೆಕ್ಟಿನ್ನನ್ನು ಭತ್ತದ ಗಿಡದಲ್ಲಿ ಉಂಟಾಗುವಂತೆ ಮಾಡಿ, ಅಂತಹ ಗಿಡಗಳ ಮೇಲೆ ಕಂದು ಜಿಗಿಹುಳುಗಳು ಕಡಿಮೆಯಾಗಿ ಬದುಕುವುವೆಂದು ೨೦೦೬ರಲ್ಲಿ ಪ್ರಕಟಿಸಿದರು. ಇದು ರೈತರ ಗದ್ದೆಗೆ ಬಿಡುಗಡೆಯಾದ ತಳಿಯಲ್ಲ. ಆ ಹೆಸರಿನಲ್ಲಿ ಯಾರಾದರೂ ಬೀಜ ಮಾರಲು ಬಂದರೆ ಕೊಳ್ಳತಕ್ಕದ್ದಲ್ಲ. ಆದರೂ ಜಿಗಿಹುಳುವಿನಿಂದ ಸುಟ್ಟಂತಾದ ಗದ್ದೆಯ ಬದುವಿನ ಮೇಲೆ ನಿಂತವರು, ಈ ವಿಚಾರಣೆಯನ್ನು ವ್ಯರ್ಥವೆಂದು ಹೇಳಲಾರರು.

ಅಡಿಗೆಮನೆಯೂ ಕೊಟ್ಟಿಗೆಯೂ

ಈಗ ತಕ್ಷಣವೇ ಪಾಲಿಸತಕ್ಕ ಮಾತು. ಸಕ್ಕರೆಯುಳ್ಳ ರಾಳವನ್ನು ಹಿಡಿದುಕೊಳ್ಳುವ ಲೆಕ್ಟಿನ್ನು ಸಕ್ಕರೆಯುಳ್ಳ ಕರುಳಿನ ಪೊರೆಯನ್ನೂ ಹಿಡಿದುಕೊಳ್ಳದೆ ಬಿಡುವುದೆ? ಎಲ್ಲ ಲೆಕ್ಟಿನ್ನುಗಳೂ ಒಂದೇ ಸಮನಾಗಿ ಕೆಡುಕು ಮಾಡುವುದಿಲ್ಲ. ಈಚೆಗೆ ನಮ್ಮ ಊರುಗಳ ಅಂಗಡಿಗಳಲ್ಲಿಯೂ ದೊರೆಯುವ ಕೆಂಪು ರಾಜ್ಮಾ ಕಾಳಿನಲ್ಲಿ ಮಾತ್ರ ಇದು ಬಹಳವಾಗಿದೆ. ಬೇಯದ ನಾಲ್ಕೈದು ಕಾಳುಗಳನ್ನು ತಿಂದರೂ ಒಂದರಿಂದ ಮೂರು ಗಂಟೆಗಳೊಳಗೆ ವಾಕರಿಕೆ, ವಾಂತಿ, ಅನಂತರ ಭೇದಿ ಉಂಟಾಗಬಹುದು. ಐದು ಗಂಟೆಗಳಿಗೆ ಕಡಿಮೆಯಿಲ್ಲದೆ ನೆನೆಯಿಟ್ಟು, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಬೇಕು. ಕುದಿಯುವ ನೀರಿನಲ್ಲಿ ಹತ್ತು ನಿಮಿಷಗಳಲ್ಲಿ ವಿಷವು ಅಳಿಯುವುದಾದರೂ, ಅರ್ಧ ಗಂಟೆ ಕುದಿಸುವುದು ಕ್ಷೇಮ. ಕುದಿಯನ್ನು ಮುಟ್ಟದ ಸಣ್ಣ ಉರಿಯಲ್ಲಿ ಹೊತ್ತುಗಟ್ಟಲೆ ಇಟ್ಟರೆ ಕಾಳು ಮೆತ್ತಗಾಗಿ ಬೆಂದಂತೆ ಕಾಣುವುದು, ಆದರೆ ವಿಷವು ಅಳಿಯುವುದಿಲ್ಲ. ಅಂತಹ ಅರೆಬೆಂದ ಕಾಳು ಹಸಿಯ ಕಾಳಿಗಿಂತಲೂ ಹೆಚ್ಚು ಅಪಾಯಕರವೆಂದು ಕಂಡುಬಂದಿದೆ. ಮದುವೆ, ಜಾತ್ರೆ, ಶಾಲೆಯ ಊಟ ಮುಂತಾದ ಕಡೆಗಳಲ್ಲಿ ದೊಡ್ಡ ಕೊಪ್ಪರಿಗೆಗಳಲ್ಲಿ ಅಡಿಗೆ ಮಾಡಿಸುವಾಗ, ಮೇಲಿನ ಕಾಳು ಬೆಂದು ನಡುವಿನದು ಬೇಯದೆ ಉಳಿಯದಂತೆ ಊರಿನ ಮುಖಂಡರು ನೋಡಿಕೊಳ್ಳಬೇಕು.

ನಮ್ಮ ಹಿರಿಯರು ಲೆಕ್ಟಿನ್ನಿನ ಹೆಸರನ್ನು ಕೇಳಿದವರಲ್ಲ. ಆದರೂ ಹುರುಳಿಯನ್ನು ಎತ್ತುಗಳಿಗೆ ಹಸಿಯಾಗಿ ಹಾಕದೆ ಬೇಯಿಸಿಯೇ ಹಾಕುತ್ತಿದ್ದರು. ಹಲಸಿನ ಬೀಜವನ್ನು ಸುಟ್ಟು ಇಲ್ಲವೆ ಬೇಯಿಸಿ ತಿನ್ನುತ್ತಿದ್ದರು. ಹುರುಳಿಕಟ್ಟಿನ ಸಾರನ್ನು ಒಲೆಯ ಮೇಲೆ ಮಳಮಳನೆ ಕುದಿಸುತ್ತಿದ್ದರು. ಆ ಪದ್ಧತಿಯ ಹಿಂದೆ ಅನುಭವದ ವಿವೇಕವಿತ್ತೆಂಬುದನ್ನು ಈಗಿನ ಶಾಸ್ತ್ರವು ದೃಢಪಡಿಸುತ್ತಿದೆ. ಸೌದೆಯನ್ನು ಉಳಿಸಬೇಕೆಂದು ಅದನ್ನು ಕೈಬಿಡುವುದು ಲಾಭಕರವಲ್ಲ. ಹರಳಿನ ಹಿಂಡಿಯು ಒಳ್ಳೆಯ ಗೊಬ್ಬರವೇ ಸರಿ. ಆದರೆ ಅದು ದನಗಳ ಮೇವಲ್ಲ. ಕಡಲೆಕಾಯಿ ಹಿಂಡಿಯ ಚೀಲಗಳೊಡನೆ ಅದನ್ನು ಒಂದೇ ಮೂಲೆಯಲ್ಲಿ ಒಟ್ಟದೆ, ದನ ನಾಯಿಗಳಿಗೆ ಸಿಕ್ಕದಂತೆ ಬೇರೆ ಇಟ್ಟು, ಹೊಲಕ್ಕೆ ಹಾಕಿದೊಡನೆ ಮಣ್ಣಿನಲ್ಲಿ ಬೆರೆಸಿಬಿಡಬೇಕು. ಗುಲಗಂಜಿಯ ಕಾಳುಗಳನ್ನು ಮಕ್ಕಳ ಕೈಗೆ ಆಟಕ್ಕೆ ಕೊಡಬಾರದು.

ಎರಡು ಆಕ್ಷೇಪಣೆಗಳು

ಮೊದಲನೆಯ ಆಕ್ಷೇಪಣೆಯೇನೆಂದರೆ, ಶುದ್ಧವಾದ ಲೆಕ್ಟಿನ್ನು ಮಿಲಿಗ್ರಾಮಿನ ಲೆಕ್ಕದಲ್ಲಿ ಮಾರಲ್ಪಡುವಾಗ, ಹಲಸಿನ ಬೀಜವನ್ನೂ ಹುರುಳಿಯನ್ನೂ ರೈತನು ಇಷ್ಟು ಅಗ್ಗವಾಗಿ ಏಕೆ ಮಾರಬೇಕು ಎಂಬುದು. ಈ ಮಾತು ಕೇಳಲು ಹಿತವಾಗಿದೆ, ಆದರೆ ಲೆಕ್ಕಕ್ಕೆ ನಿಲ್ಲುವುದಿಲ್ಲ. ಹಲಸಿನ ಬೀಜದಿಂದ ನೀರಿಗೆ ಇಳಿಯುವ ಸಸಾರಜನಕದಲ್ಲಿ ಲೆಕ್ಟಿನ್ನಿನದೇ ದೊಡ್ಡ ಪಾಲು. ಆದುದರಿಂದ ಒಂದು ಮರದ ಬೀಜವೇ ಒಂದು ಪ್ರಯೋಗಶಾಲೆಗೆ ಬಹುಕಾಲ ಸಾಕಾಗುತ್ತದೆ. ಬೆಲೆಯು ಬೀಜಕ್ಕಲ್ಲ, ಶುದ್ಧಿಗೆ, ಪರೀಕ್ಷೆಗೆ, ನಂಬಿಕೆಗೆ. ಲೆಕ್ಟಿನ್ನಿನ ಆಸೆ ತೋರಿಸಿ ಮುಂಗಡ ಹಣ ಕೇಳುವವರು ಬಂದರೆ ಅವರನ್ನು ಜಗಲಿಯಿಂದಲೇ ಕಳುಹಿಸಿಬಿಡುವುದು ವಿಹಿತ.

ಎರಡನೆಯ ಆಕ್ಷೇಪಣೆಯು ಇದಕ್ಕೆ ವಿರುದ್ಧವಾದದ್ದು. ಲಾಭವಿಲ್ಲದ ಮೇಲೆ ನಾವೇಕೆ ಹಳೆಯ ತಳಿಯನ್ನು ಕಾಪಾಡುವ ಶ್ರಮವನ್ನು ಹೊರಬೇಕು ಎಂಬುದು. ಇದಕ್ಕೆ ಉತ್ತರವಾಗಿ ನನ್ನದೇ ತಪ್ಪೊಂದನ್ನು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಒಂದು ಪ್ರಯೋಗಶಾಲೆಯವರು ಹುರುಳಿಯ ಹಳೆಯ ತಳಿಗಳ ಮಾದರಿಗಳನ್ನು ಕೇಳಿದ್ದರು. ಆ ವಾರ ತಿರುಗಾಟವು ಹೆಚ್ಚಾಗಿದ್ದ ಕಾರಣ ನಾನು ಊರೂರಿಗೆ ಹೋಗದೆ, ಸಂತೆಯಲ್ಲಿ ಮಾರುವವನು ಕರಿಹುರುಳಿಯೆಂದು ಹೇಳಿದ ಕಾಳನ್ನು ಕೊಂಡು, ಒಂದು ಗ್ರಾಮದ ಹೆಸರನ್ನು ಚೀಟಿಯಲ್ಲಿ ಬರೆದು ಕಳುಹಿಸಿಬಿಟ್ಟೆನು. ಅವರು ಪುಡಿಮಾಡಿ, ನೆನೆಯಿಟ್ಟು, ರಾಳದ ಮೇಲೆ ಹರಿಯಿಸಿ ಪರೀಕ್ಷಿಸಿದರು. ಒಂದೇ ಚೀಲದ ಎರಡು ಹಿಡಿಗಳಿಂದ ಬಂದ ಫಲಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಕಾಳು ಬೆರಕೆಯೆಂದು ಅವರು ಬರೆದು, ನಿಜವಾದ ಮಾದರಿಯನ್ನು ಕಳುಹಿಸುವಂತೆ ಕೇಳಿದರು.

ನಾಚಿಕೆಪಟ್ಟು ನಾನು ಚೀಟಿಯಲ್ಲಿ ಬರೆದಿದ್ದ ಆ ಗ್ರಾಮಕ್ಕೆ ಹೋದೆನು. ಕರಿಹುರುಳಿಯನ್ನು ವರ್ಷವರ್ಷವೂ ಬಿತ್ತಿ, ಬೂದಿ ಬೆರೆಸಿ ಮಡಕೆಯಲ್ಲಿಡುತ್ತಿದ್ದ ವೃದ್ಧೆಯೊಬ್ಬಳು ಅಲ್ಲಿದ್ದಳು. ವಿಚಾರಿಸಿದಾಗ ಆಕೆಯು, "ಮಗ ಹೊಲಕ್ಕೆ ಬೇರೆ ಬೀಜ ತಂದ, ಸ್ವಾಮಿ. ಮಡಕೆಯಲ್ಲಿದ್ದುದನ್ನು ಹೋದ ತಿಂಗಳು ಸಾರಿಗೆ ಹಾಕಿದೆ. ಕೇಳಿದ್ದರೆ ಇಟ್ಟಿರುತ್ತಿದ್ದೆ, ಕೇಳುವವರು ಯಾರಿದ್ದರು?" ಎಂದಳು. ನಾನು ಹೇಳಬೇಕಾದ ಉತ್ತರವು ನನ್ನ ಬಳಿಯಲ್ಲಿರಲಿಲ್ಲ. ಆ ತಳಿಯನ್ನು ನಾನು ಮತ್ತೆ ಎಲ್ಲಿಯೂ ಕಾಣಲಿಲ್ಲ. ಅದರಲ್ಲಿ ವಿಶೇಷವಾದ ಗುಣವಿತ್ತೋ ಇರಲಿಲ್ಲವೋ ಎಂಬುದನ್ನು ಇನ್ನು ಯಾವ ರಾಳವೂ ಹೇಳಲಾರದು. ಅಂದು ಸಂತೆಗೆ ಹೋಗುವ ಬದಲು ಆ ಊರಿಗೆ ಹೋಗಿದ್ದರೆ ಒಂದು ಹಿಡಿ ಉಳಿಯುತ್ತಿತ್ತು.

ಆದಕಾರಣ ನನ್ನ ದೃಢವಾದ ಅಭಿಪ್ರಾಯವಿದು: ಪ್ರಯೋಗಶಾಲೆಯ ಜರಡಿ ಎಷ್ಟೇ ಸೂಕ್ಷ್ಮವಾಗಿದ್ದರೂ, ಕಾಳಿನಲ್ಲಿಲ್ಲದ್ದನ್ನು ಅದು ತೆಗೆದುಕೊಡಲಾರದು, ಸುಳ್ಳು ಚೀಟಿಯನ್ನು ನಿಜವಾಗಿಸಲಾರದು, ಕಳೆದುಹೋದ ತಳಿಯನ್ನು ಹಿಂದಕ್ಕೆ ಕರೆಯಲಾರದು. ಈ ಮೂರೂ ಕೆಲಸಗಳು ಕಣದಲ್ಲಿಯೇ ಆಗಬೇಕು.

ಊರಿನ ಮುಖಂಡರಲ್ಲಿ ವಿಜ್ಞಾಪನೆ

ಮೇಲ್ಕಂಡ ಕಾರಣಗಳಿಂದ, ಮಹನೀಯರಾದ ಗ್ರಾಮದ ಮುಖಂಡರಲ್ಲಿಯೂ ಜಮೀನುದಾರರಲ್ಲಿಯೂ ನನ್ನ ವಿಜ್ಞಾಪನೆಗಳು ಇವು.

ಮೊದಲನೆಯದಾಗಿ, ತಮ್ಮ ಊರಿನಲ್ಲಿ ಹುರುಳಿ, ಅವರೆ, ಅಲಸಂದೆ, ಹಲಸು ಇವುಗಳ ಹಳೆಯ ತಳಿಗಳು ಯಾರ ಯಾರ ಮನೆಯಲ್ಲಿ ಉಳಿದಿವೆಯೆಂಬು­ದನ್ನು ಈ ಬೇಸಗೆಯಲ್ಲಿಯೇ ವಿಚಾರಿಸಿ ಬರೆದಿಡತಕ್ಕದ್ದು. ಮನೆಯ ಹೆಂಗಸರನ್ನು ಕೇಳುವುದನ್ನು ಮರೆಯಬಾರದು. ಬೀಜದ ಮಡಕೆಯ ಲೆಕ್ಕವು ಅವರಿಗೇ ಗೊತ್ತು. ೨೦೦೨ನೆಯ ಇಸವಿಯ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಇದಕ್ಕಾಗಿ ಸಮಿತಿಯೊಂದು ಇರತಕ್ಕದ್ದು. ತಾವು ಬರೆದದ್ದನ್ನು ಆ ಸಮಿತಿಯ ದಾಖಲೆಗೆ ಸೇರಿಸಬೇಕು. ಸಮಿತಿಯು ಹೆಸರಿಗೆ ಮಾತ್ರ ಇದ್ದರೆ ಅದನ್ನು ಎಚ್ಚರಿಸುವುದೂ ತಮ್ಮ ಕರ್ತವ್ಯ. ರೈತರು ಕಾಪಾಡಿದ ತಳಿಗಳನ್ನು ಅವರ ಹೆಸರಿನಲ್ಲಿಯೇ ನೋಂದಾಯಿಸಲು ೨೦೦೧ನೆಯ ಇಸವಿಯ ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಲ್ಲಿ ಅವಕಾಶವಿದೆಯೆಂಬುದನ್ನೂ ರೈತರಿಗೆ ತಿಳಿಸಬೇಕು.

ಎರಡನೆಯದಾಗಿ, ಒಂದೊಂದು ತಳಿಯನ್ನೂ ಬೇರೆ ಬೇರೆಯಾಗಿ ಒಕ್ಕಿ, ಒಂದು ಕಣವನ್ನು ಗುಡಿಸಿದ ಮೇಲೆಯೇ ಇನ್ನೊಂದನ್ನು ಹಾಕಿ, ಚೆನ್ನಾಗಿ ಒಣಗಿದ ಎರಡು ಸೇರು ಬೀಜವನ್ನು ಪ್ರತ್ಯೇಕವಾಗಿ ಕಟ್ಟಿಡತಕ್ಕದ್ದು. ಚೀಟಿಯಲ್ಲಿ ತಳಿಯ ಹೆಸರು, ಬೆಳೆದವರ ಹೆಸರು, ಹೊಲ, ವರ್ಷ ಇವಿಷ್ಟೂ ಇರಬೇಕು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಬರೆಯುವುದು ಉತ್ತಮ, ಊಹಿಸಿ ಬರೆಯಬಾರದು.

ಮೂರನೆಯದಾಗಿ, ಪರೀಕ್ಷೆಗಾಗಿ ಬೀಜವನ್ನು ಕೇಳುವವರು ಬಂದರೆ, ಅವರು ಯಾರು, ಯಾವ ಉದ್ದೇಶಕ್ಕೆ, ಫಲವನ್ನು ತಮಗೆ ತಿಳಿಸುವರೋ ಎಂಬುದನ್ನು ಬರಹದಲ್ಲಿ ಪಡೆದುಕೊಂಡೇ ಕೊಡತಕ್ಕದ್ದು. ಕೊಡಲಾರೆವೆಂದು ಬಾಗಿಲು ಮುಚ್ಚುವುದೂ ಸರಿಯಲ್ಲ, ಕೇಳಿದವರಿಗೆಲ್ಲ ಸುರಿದುಕೊಡುವುದೂ ಸರಿಯಲ್ಲ.

ಸಭೆಯಲ್ಲಿ ನನ್ನನ್ನು ಪ್ರಶ್ನಿಸಿದ ಯಜಮಾನರಿಗೆ ನನ್ನ ಉತ್ತರವು ಇಷ್ಟೇ. ಸಕ್ಕರೆಯ ರಾಳದಿಂದ ತಮ್ಮ ಹುರುಳಿಯ ಬೆಲೆ ಏರಲಾರದು. ಆದರೆ ತಮ್ಮ ಹುರುಳಿಯಲ್ಲಿ ಏನಿದೆಯೆಂಬುದು ತಿಳಿಯುವುದು. ತಿಳಿಯುವವರೆಗೆ ಹುರುಳಿಯು ಉಳಿದಿರಬೇಕಷ್ಟೆ. ಮುಂದಿನ ಸುಗ್ಗಿಗೆ ನಾನು ಆ ಗ್ರಾಮಕ್ಕೆ ಪುನಃ ಬರುವವನಿದ್ದೇನೆ. ಆಗ ಅವರ ಮನೆಯ ಅಟ್ಟದ ಮೇಲೆ ಚೀಟಿ ಕಟ್ಟಿದ ಎರಡು ಸೇರು ಕಾಳನ್ನು ಕಂಡರೆ, ಈ ಲೇಖನವನ್ನು ಬರೆದ ಶ್ರಮವು ಸಾರ್ಥಕವಾಯಿತೆಂದು ತಿಳಿಯುತ್ತೇನೆ.

— ವ್ಯವಸಾಯದ ಇನ್ಸ್‌ಪೆಕ್ಟರ್